ಓವರ್‌ಕ್ಲಾಕ್ ಆಸೆಯೇ? ಮೊದಲು ರ‍್ಯಾಮ್ ನೋಡಿ

ಪ್ರಶ್ನೆ: ಸರ್, ನಾನು ಕಾರವಾರದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 3200 ರ‍್ಯಾಮ್ ಇದೆ. ಕೂಲರ್ ಬಾಕ್ಸಿನಲ್ಲಿ ಬಂದದ್ದೇ. ಓವರ್‌ಕ್ಲಾಕ್ ಮಾಡಬೇಕು, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸಬೇಕು ಅಂತ ಆಸೆ. ಗೆಳೆಯ 1.4 ವೋಲ್ಟ್ ಕೊಟ್ಟು 4.7 ಗಿಗಾಹರ್ಟ್ಸ್ ಇಡು ಅನ್ನುತ್ತಾನೆ. ಸುಟ್ಟರೆ ಮನೆಯಲ್ಲಿ ಇನ್ನೊಂದು ಕೊಡಿಸುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಗೆಳೆಯನ ನಂಬರ್ ಗೆಳೆಯನ ಚಿಪ್ಪಿಗೆ. ಒಂದೇ ಮಾಡೆಲಿನ ಎರಡು ಚಿಪ್ ಕೂಡ ಒಂದೇ ಥರ ಇರುವುದಿಲ್ಲ. ಅದೂ ಅಲ್ಲದೆ ಆ ವೋಲ್ಟೇಜಿನ ಬಿಸಿ ಬಾಕ್ಸ್ ಕೂಲರ್ ತಡೆಯುವಂಥದ್ದಲ್ಲ.

ಮೊದಲು ಟಾಸ್ಕ್ ಮ್ಯಾನೇಜರ್ ತೆಗೆದು ಮೆಮೊರಿಯ ಸ್ಪೀಡ್ ನೋಡಿ. 2133, 2400 ಅಥವಾ 2666 ಅಂತ ಇದ್ದರೆ ನೀವು 3200ಕ್ಕೆ ಕೊಟ್ಟ ದುಡ್ಡು ಸುಮ್ನೆ ಕೂತಿದೆ. ನಗಬೇಡಿ, ನಾನೇ ಒಂದೂವರೆ ವರ್ಷ 3200ರ ರ‍್ಯಾಮನ್ನು 2400ರಲ್ಲಿ ಓಡಿಸಿಕೊಂಡು, ಕಂಪ್ಯೂಟರ್ ಯಾಕೋ ಮಂದ ಅಂತ ಪ್ರೊಸೆಸರಿಗೆ ಬೈಯುತ್ತಿದ್ದವನು. ರ‍್ಯಾಮ್ ಪಟ್ಟಿಯ ಮೇಲೆ ಒಂದು ಪುಟ್ಟ ಚಿಪ್ ಇರುತ್ತದೆ, ಅದರಲ್ಲಿ ಎರಡು ಲೆಕ್ಕ ಬರೆದಿರುತ್ತದೆ: ಎಲ್ಲ ಬೋರ್ಡಿನಲ್ಲೂ ನಡೆಯುವ ನಿಧಾನದ್ದು ಒಂದು, ಕಂಪನಿಯವರೇ ಪರೀಕ್ಷೆ ಮಾಡಿದ ಜೋರಿನದ್ದು ಇನ್ನೊಂದು. ನಾವು ಹೇಳದಿದ್ದರೆ ಬೋರ್ಡ್ ನಿಧಾನದ್ದನ್ನೇ ಹಿಡಿಯುತ್ತದೆ.

ಹೇಳುವುದು ಸುಲಭ. ಆನ್ ಮಾಡುವಾಗ ಡಿಲೀಟ್ ಒತ್ತಿ ಬಯಾಸ್‌ಗೆ, ಅಂದರೆ ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ ಹೋಗಿ, ಆ ಜೋರಿನ ಲೆಕ್ಕ ಹಿಡಿಸುವ ಎಕ್ಸ್‌ಎಂಪಿ ಆನ್ ಮಾಡಿ (ಕೆಲವು ಬೋರ್ಡಿನಲ್ಲಿ ಅದರ ಹೆಸರು ಡಿಒಸಿಪಿ), ಸೇವ್ ಮಾಡಿ. ಸಾಮಾನ್ಯವಾಗಿ 1.2 ಇದ್ದ ವೋಲ್ಟೇಜ್ ತಾನೇ 1.35 ಆಗುತ್ತದೆ, ಕೈಯಲ್ಲಿ ಮುಟ್ಟಬೇಡಿ. ಆಮೇಲೆ ಸ್ಕ್ರೀನ್ ಕಪ್ಪಾಗಿ, ಫ್ಯಾನ್ ನಿಂತು ಮತ್ತೆ ತಿರುಗಿ, ಒಂದೆರಡು ಸಲ ತಾನೇ ರೀಸ್ಟಾರ್ಟ್ ಆಗಿ ನಿಮ್ಮ ಜೀವ ಬಾಯಿಗೆ ಬರಬಹುದು. ಗಾಬರಿಯಾಗಿ ಸ್ವಿಚ್ ತೆಗೆಯಬೇಡಿ, ಬೋರ್ಡ್ ಹೊಸ ವೇಗಕ್ಕೆ ರ‍್ಯಾಮನ್ನು ಹೊಂದಿಸುತ್ತಿದೆ ಅಷ್ಟೇ. ವೇಗ ತೋರಿಸುವ ಸಿಪಿಯು-ಝಡ್ ಪ್ರೋಗ್ರಾಮಿನಲ್ಲಿ 1600 ಕಂಡರೂ ಸರಿಯೇ, ಡಿಡಿಆರ್ ಅಂದರೆ ಅದರ ಎರಡು ಪಟ್ಟು ಲೆಕ್ಕ. ಸ್ಲಾಟ್ ನಾಲ್ಕಿದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದರಲ್ಲಿ ರ‍್ಯಾಮ್ ಇರಬೇಕು.

ಈಗ ಬೇಜಾರಿನ ಕೆಲಸ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಮನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ, ಉಚಿತ ಆವೃತ್ತಿ ನಾಲ್ಕು ಸುತ್ತು ಮಾಡುತ್ತದೆ. ಮಳೆಗಾಲವಾದರೆ ಕರೆಂಟ್ ಹೋಗುವುದಿಲ್ಲ ಅನ್ನುವ ಭರವಸೆ ಇರುವ ರಾತ್ರಿ ನೋಡಿಕೊಳ್ಳಿ. ಒಂದೇ ಒಂದು ತಪ್ಪು ಬಂದರೂ 'ಗೇಮ್ ಓಡುತ್ತಿದೆಯಲ್ಲ' ಅಂತ ಬಿಡಬೇಡಿ, 2933ಕ್ಕೆ ಇಳಿಸಿ. ಪ್ರೊಸೆಸರ್ ತಪ್ಪಿದರೆ ಕಂಪ್ಯೂಟರ್ ಬೀಳುತ್ತದೆ, ಗೊತ್ತಾಗುತ್ತದೆ. ರ‍್ಯಾಮ್ ತಪ್ಪಿದರೆ ಅಕ್ಕನ ಮದುವೆ ಫೋಟೊ ಸದ್ದಿಲ್ಲದೆ ಕೆಟ್ಟು ಡಿಸ್ಕಿಗೆ ಬರೆದುಹೋಗಿರುತ್ತದೆ. ಆದ್ದರಿಂದ ಶುರು ಮಾಡುವ ಮುಂಚೆಯೇ ಬ್ಯಾಕಪ್.

ಇನ್ನು ಪ್ರೊಸೆಸರ್. 5600 ತಾನಾಗಿಯೇ 4.4 ಗಿಗಾಹರ್ಟ್ಸ್ ತನಕ ಏರಿ ಇಳಿಯುತ್ತದೆ, ದೇವಿಮನೆ ಘಟ್ಟ ಹತ್ತುವ ಡ್ರೈವರ್ ತಿರುವು ನೋಡಿ ಗೇರ್ ಬದಲಿಸಿದ ಹಾಗೆ. ಒಂದೇ ಗೇರಿಗೆ ಕಟ್ಟಿಹಾಕುವುದು ಯಾಕೆ? ಬಯಾಸ್‌ನಲ್ಲಿ ಪಿಬಿಒ (ಪ್ರೊಸೆಸರಿನ ಏರಿಳಿತ ಹೊಂದಿಸುವ ಸೆಟ್ಟಿಂಗ್) ಒಳಗೆ ಕರ್ವ್ ಆಪ್ಟಿಮೈಜರ್ ಇದೆ. ಎಲ್ಲ ಕೋರಿಗೂ ನೆಗೆಟಿವ್ 10 ಕೊಡಿ. ವೋಲ್ಟೇಜ್ ಕಡಿಮೆ, ಬಿಸಿ ಕಡಿಮೆ, ಉಳಿದ ಜಾಗದಲ್ಲಿ ಅದೇ ಜಾಸ್ತಿ ಹೊತ್ತು ಜೋರಾಗಿ ಓಡುತ್ತದೆ. ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಸಿನಿಬೆಂಚ್ ಪ್ರೋಗ್ರಾಮನ್ನು ಹತ್ತು ನಿಮಿಷ ಓಡಿಸಿ, ಎಚ್‌ಡಬ್ಲ್ಯೂಇನ್ಫೊ ಅನ್ನುವ ಪ್ರೋಗ್ರಾಮಿನಲ್ಲಿ ಬಿಸಿ ನೋಡಿ. ಅದು ಪಾಸಾದರೆ ಮುಗಿಯಿತು ಅಂದುಕೊಳ್ಳಬೇಡಿ. ನೆಗೆಟಿವ್ ಜಾಸ್ತಿಯಾದರೆ ಗೇಮಿನಲ್ಲಿ ಅಲ್ಲ, ಸುಮ್ನೆ ಬ್ರೌಸರ್ ತೆರೆದಿಟ್ಟಾಗ ರೀಸ್ಟಾರ್ಟ್ ಆಗುತ್ತದೆ, ಯಾಕೆಂದರೆ ಕೆಲಸ ಹಗುರ ಇದ್ದಾಗಲೇ ಒಂದೆರಡು ಕೋರ್ ತುತ್ತತುದಿಗೆ ಏರುವುದು. ಆಗ 10 ಅನ್ನು 5 ಮಾಡಿ.

ಈ ಚಿಪ್ಪಿನ ಮಿತಿ 90 ಡಿಗ್ರಿ. ನಿಮ್ಮ ಊರಿನ ಸೆಕೆ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಎಸಿ ಕೋಣೆಯಲ್ಲಿ ಮಾಡಿದ ವಿಡಿಯೊದಲ್ಲಿ 72 ಅಂದರೆ, ಹತ್ತು ಡಿಗ್ರಿ ಜಾಸ್ತಿ ಇರುವ ನಿಮ್ಮ ಕೋಣೆಯಲ್ಲಿ ಹೆಚ್ಚು ಕಡಿಮೆ 82. ಜನವರಿ ರಾತ್ರಿ ಪಾಸಾದದ್ದು ಮೇ ಮಧ್ಯಾಹ್ನ ಫೇಲಾಗಬಹುದು, ಹಾಗಾಗಿ ಪರೀಕ್ಷೆಯನ್ನು ಸೆಕೆಯಲ್ಲೇ ಮಾಡಿ. 85 ದಾಟಿದರೆ ನಿಲ್ಲಿಸಿ, ಟವರ್ ಕೂಲರಿಗೆ ದುಡ್ಡು ಕೂಡಿಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ, ಬದಲಿಸುವ ಮುಂಚೆ ಬಯಾಸ್ ಪುಟದ ಫೋಟೊ. ಆನ್ ಆಗದೇ ಹೋದರೆ ಕರೆಂಟಿನ ವಯರ್ ಕಿತ್ತು, ಬೋರ್ಡಿನ ನಾಣ್ಯದಂಥ ಸೆಲ್ ಐದು ನಿಮಿಷ ತೆಗೆದಿಡಿ, ಎಲ್ಲ ಹಳೆಯದಕ್ಕೆ ಬರುತ್ತದೆ. ಓವರ್‌ಕ್ಲಾಕಿನಿಂದ ಕೆಟ್ಟರೆ ರೈಜನ್ ಮಾಡುವ ಎಎಂಡಿ ಕಂಪನಿಯ ವಾರಂಟಿ ಇಲ್ಲ, ಪಿಬಿಒ ಕೂಡ ಅದರಲ್ಲಿ ಸೇರಿದೆ.

ಪ್ರಶ್ನೆ: ಹೊನ್ನಾವರದಲ್ಲಿ ನಮ್ಮದು ಡಿಟಿಪಿ ಅಂಗಡಿ. ಎಕ್ಸ್‌ಎಂಪಿ ಹಾಕಿ ಒಂದು ವರ್ಷ ಚೆನ್ನಾಗಿತ್ತು. ಈ ಮಳೆಗಾಲದ ನಂತರ ದಿನಕ್ಕೆರಡು ಸಲ ನೀಲಿ ಪರದೆ. ಬಯಾಸ್ ಅಪ್‌ಡೇಟ್ ಮಾಡಲೇ?

ಉತ್ತರ: ತಡೆಯಿರಿ. ಮೊದಲು ಕರೆಂಟ್ ತೆಗೆದು ರ‍್ಯಾಮ್ ಹೊರಗೆ ತೆಗೆಯಿರಿ. ಕೆಳಗಿನ ಚಿನ್ನದ ಬಣ್ಣದ ಅಂಚು ಮಂಕಾಗಿದೆಯೇ? ಉಪ್ಪಿನ ಗಾಳಿ, ತೇವ, ಧೂಳು ಸೇರಿದರೆ ಹಾಗಾಗುತ್ತದೆ. ಮೆತ್ತಗಿನ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಚೂರು ಉಳಿಯದ ಹಾಗೆ ಒರೆಸಿ, ಟಕ್ ಅನ್ನುವ ತನಕ ಕೂರಿಸಿ. ಆಮೇಲೂ ಬಂದರೆ ಎಕ್ಸ್‌ಎಂಪಿ ತೆಗೆದು ಎರಡು ದಿನ ನೋಡಿ. ಯುಪಿಎಸ್ ಇಲ್ಲದೆ ಬಯಾಸ್ ಅಪ್‌ಡೇಟಿಗೆ ಕೈ ಹಾಕಬೇಡಿ, ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡೇ ಏಳದಿರಬಹುದು.

ಪ್ರಶ್ನೆ: ಶಿರಸಿಯಿಂದ. ಐ5 12400, ಎಚ್610 ಬೋರ್ಡ್, 8 ಜಿಬಿಯ ಒಂದೇ 3200 ರ‍್ಯಾಮ್. ನಮ್ಮಲ್ಲಿ ಸೆಕೆ ಕಡಿಮೆ. ಓವರ್‌ಕ್ಲಾಕ್ ಆಗುತ್ತದೆಯೇ?

ಉತ್ತರ: ಇಲ್ಲ. ಹೆಸರಿನ ಕೊನೆಗೆ ಕೆ ಇಲ್ಲದ ಆ ಇಂಟೆಲ್ ಚಿಪ್ ಲಾಕ್ ಆಗಿರುತ್ತದೆ, ಬೋರ್ಡೂ ಬಿಡುವುದಿಲ್ಲ. ಅಂಥದ್ದೇ ಇನ್ನೊಂದು 8 ಜಿಬಿ ರ‍್ಯಾಮ್ ತಂದು ಹಾಕಿ. ಎರಡು ದಾರಿಯಲ್ಲಿ ಡೇಟಾ ಓಡುತ್ತದೆ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆ ಬೋರ್ಡುಗಳಲ್ಲಿ ಸ್ಲಾಟ್ ಎರಡೇ ಇರುವುದರಿಂದ ಯಾವುದಕ್ಕೆ ಹಾಕಲಿ ಅಂತ ಇನ್ನೊಂದು ಪತ್ರ ಬರೆಯುವ ಕೆಲಸವೂ ಇಲ್ಲ.