46ನೇ ವಯಸ್ಸಿಗೆ ವಾಕಿಂಗ್ ಒಂದೇ ಸಾಕಾ, ಜಿಮ್ ಸೇರಬೇಕಾ?

ನಿಮಗೆ 46, ದಿನವಿಡೀ ಕುರ್ಚಿ ಮೇಲೆ ಕೆಲಸ, ಹೊಟ್ಟೆ ಬಂದಿದೆ, ಬೆಳಿಗ್ಗೆ ಅರ್ಧ ಗಂಟೆ ನಡೆಯುತ್ತೀರಿ. ಇಷ್ಟು ಸಾಕಾ, ಜಿಮ್ ಸೇರಬೇಕಾ ಅಂತ ಕೇಳಿದ್ದೀರಿ. ನನಗೆ ಈಗ 51. ನಿಮ್ಮ ವಯಸ್ಸಿನಲ್ಲಿ ನಾನೂ ವಾಕಿಂಗ್ ಪಾರ್ಟಿಯೇ. ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ನಾಲ್ಕು ವರ್ಷ ನಡೆದಿದ್ದೇನೆ. ಮೂರು ಜನ ಗೆಳೆಯರು, ಒಂದಿಷ್ಟು ರಾಜಕೀಯ, ಮುಗಿದ ಮೇಲೆ ಹೋಟೆಲಿನಲ್ಲಿ ಇಡ್ಲಿ ಜೊತೆ ಉದ್ದಿನ ವಡೆ. ವಾಕಿಂಗಿಗೋಸ್ಕರ ವಡೆಯೋ, ವಡೆಗೋಸ್ಕರ ವಾಕಿಂಗೋ ನಮಗೇ ಗೊತ್ತಿರಲಿಲ್ಲ.

ಒಂದು ದಿನ ದೇವಸ್ಥಾನದಲ್ಲಿ ನೆಲದ ಮೇಲೆ ಪಂಕ್ತಿ ಊಟ. ಮಜ್ಜಿಗೆ ಅನ್ನ ಮುಗಿಸಿ ಏಳಲು ಹೋದೆ, ಆಗಲಿಲ್ಲ. ಬಲಗೈ ಎಂಜಲು, ಊರುವಂತಿಲ್ಲ. ಎಡಗೈ ಒಂದರಿಂದ ಮೈ ಮೇಲೇಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜ, 70 ದಾಟಿರಬೇಕು, ಆಗಲೇ ಎದ್ದು ನಿಂತಿದ್ದರು. ಅವರೇ ತೋಳು ಹಿಡಿದು ಎಬ್ಬಿಸಿದರು. "ಕಾಲು ಜೋಮು ಹಿಡಿದಿದೆ" ಅಂದೆ. ಸುಳ್ಳು.

ದಿನಾ ನಡೆಯುವವನಿಗೆ ಹೀಗೇಕೆ? ಸಮತಟ್ಟಾದ ದಾರಿಯಲ್ಲಿ ನಡೆದರೆ ಹೃದಯಕ್ಕೆ, ಶ್ವಾಸಕ್ಕೆ ಒಳ್ಳೆಯದು. ಆದರೆ ತೊಡೆಗೆ ಹೇಳಿಕೊಳ್ಳುವಂಥ ಭಾರ ಬೀಳುವುದಿಲ್ಲ. ಭಾರ ಬೀಳದ ಸ್ನಾಯು ಕರಗುತ್ತದೆ. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಸ್ನಾಯು ಕಡಿಮೆಯಾಗುತ್ತಾ ಹೋಗುತ್ತದೆ ಅಂತ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದನ್ನೇ: ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥದ್ದು, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ನಾವು ಮೊದಲ ಅರ್ಧ ಓದಿ ಎದ್ದುಬಿಡುತ್ತೇವೆ. ಅಂದ ಹಾಗೆ ಚುರುಕು ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಮ್ಮ ಗುಂಪಿನ ವೇಗಕ್ಕೆ ಇಡೀ ಕೀರ್ತನೆ ಹಾಡಬಹುದಿತ್ತು.

ಅವಮಾನ ತಾಳದೆ ಮುಂದಿನ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಸಾವಿರ ಚಿಲ್ಲರೆ ಮೆಟ್ಟಿಲು. ಹತ್ತಿದ್ದು ಹೇಗೋ ಆಯಿತು. ತಪ್ಪು ಮಾಡಿದ್ದು ಇಳಿಯುವಾಗ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಮೈಭಾರ ತಡೆಯಬೇಕು. ಅಭ್ಯಾಸ ಇಲ್ಲದವರಿಗೆ ಅದು ಜಾಸ್ತಿ ಪೆಟ್ಟು. ನಂದಿ ಹತ್ತಿರ ಬರುವಷ್ಟರಲ್ಲಿ ಮಂಡಿ ನಡುಗುತ್ತಿತ್ತು. ಮೂರು ದಿನ ಮನೆಯ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿದೆ. ಇಂಡಿಯನ್ ಟಾಯ್ಲೆಟ್ಟಿನ ಕಥೆ ಬೇಡ ಬಿಡಿ. ನೀವು ಹೋದರೆ ಹತ್ತಿ ಹೋಗಿ, ವಾಪಸ್ ಬರಲು ಸಿಟಿ ಬಸ್ ಹಿಡಿಯಿರಿ.

ಕೊನೆಗೆ ಕೆಲಸ ಮಾಡಿದ್ದು ಊಟದ ಟೇಬಲ್ಲಿನ ಕುರ್ಚಿ. ಕೈ ಎದೆಗೆ ಕಟ್ಟಿ, ಕುರ್ಚಿಯಿಂದ ಏಳುವುದು, ಮೂರು ಎಣಿಸುತ್ತಾ ಮೆಲ್ಲಗೆ ಕೂರುವುದು. ದೊಪ್ಪನೆ ಕೂತರೆ ಲೆಕ್ಕಕ್ಕಿಲ್ಲ. ಹತ್ತು ಸಲ, ಎರಡು ನಿಮಿಷ ಬಿಟ್ಟು ಮತ್ತೆ ಹತ್ತು. ವಾರಕ್ಕೆ ಮೂರು ದಿನ. ಒಂದೂವರೆ ತಿಂಗಳಿಗೆ ಕುರ್ಚಿ ತೆಗೆದೆ, ಅದು ಬಸ್ಕಿ ಆಯಿತು. ಆಮೇಲೆ 5 ಕೆಜಿ ಅಕ್ಕಿ ಚೀಲ ಎದೆಗೆ ಅಪ್ಪಿಕೊಂಡು ಬಸ್ಕಿ. ಕೈಗೂ ಹೀಗೇ: ಮೊದಲು ಗೋಡೆಗೆ ಕೈ ಕೊಟ್ಟು ದಂಡ, ಆಮೇಲೆ ಅಡುಗೆ ಕಟ್ಟೆಗೆ, ಎಷ್ಟೋ ತಿಂಗಳಾದ ಮೇಲೆ ನೆಲಕ್ಕೆ. ಗರಡಿ ಮನೆಯಲ್ಲಿ ಪೈಲ್ವಾನರು ಹೊಡೆಯುವುದೂ ಇದೇ ದಂಡ, ಬಸ್ಕಿ ಅಲ್ವಾ? ಅವರದು ನೂರರ ಲೆಕ್ಕ, ನಮ್ಮದು ಹತ್ತರದ್ದು.

ಜಿಮ್ ಸೇರಲು ಅಡ್ಡಿಯಿಲ್ಲ, ಚೆನ್ನಾಗಿ ಹೇಳಿಕೊಡುವವರು ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲ ದಿನವೇ ಪಕ್ಕದ ಹುಡುಗ ಎತ್ತಿದ ತೂಕ ನೋಡಿ ಕೈ ಹಾಕಬೇಡಿ, ಅಷ್ಟೇ. ಶುರು ಮಾಡುವ ಮೊದಲು ಬಿಪಿ, ಶುಗರ್ ನೋಡಿಸಿ. ನಡೆಯುವಾಗ ಎದೆ ಬಿಗಿದ ಹಾಗಾದರೆ ಇದನ್ನೆಲ್ಲ ಬಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ.

ಹೊಟ್ಟೆ ವಿಷಯ. ನಾನು ವರ್ಷಗಟ್ಟಲೆ "ನನ್ನದು 34 ಸೈಜ್" ಅಂತ ಸಮಾಧಾನದಿಂದ ಇದ್ದೆ. ಪ್ಯಾಂಟ್ ಹೊಟ್ಟೆಯ ಕೆಳಗೆ ಜಾರಿ ಕೂತಿತ್ತು, ಅದಕ್ಕೇ 34! ಹೊಕ್ಕುಳ ಮಟ್ಟಕ್ಕೆ ಟೇಪ್ ಹಿಡಿದರೆ 98 ಸೆಂಟಿಮೀಟರ್. ನಮ್ಮ ಕಡೆಯ ಗಂಡಸರಿಗೆ 90 ದಾಟಬಾರದು ಅನ್ನುತ್ತಾರೆ. ಹೊಟ್ಟೆ ಎಳೆದುಕೊಳ್ಳದೆ, ಉಸಿರು ಬಿಟ್ಟು ಅಳೆಯಿರಿ.

ವ್ಯಾಯಾಮ ಒಂದರಿಂದಲೇ ಅದು ಇಳಿಯಲಿಲ್ಲ. ವಡೆ ಭಾನುವಾರಕ್ಕೆ ಹೋಯಿತು, ರಾತ್ರಿ ಎರಡನೇ ಸಲ ಅನ್ನ ನಿಂತಿತು. ಪ್ರೋಟೀನ್ ಲೆಕ್ಕ ಹಾಕಿದರೆ ಕೆಜಿ ಮೈತೂಕಕ್ಕೆ ದಿನಕ್ಕೆ ಸುಮಾರು 0.83 ಗ್ರಾಂ ಬೇಕು, 72 ಕೆಜಿಯವನಿಗೆ 60 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದು ಆರೇ ಗ್ರಾಂ. ನಮ್ಮ ತಿಳಿಸಾರಿನಲ್ಲಂತೂ ಬೇಳೆಯನ್ನು ಹುಡುಕಬೇಕು. ಬಸ್ಸಾರು ಮಾಡಿದ ದಿನ ನಾನು ಸಾರು ಕಲಸಿಕೊಂಡು, ಹುರುಳಿಕಾಳಿನ ಪಲ್ಯವನ್ನು ಎಲೆ ತುದಿಗೆ ಇಷ್ಟೇ ಇಷ್ಟು ಹಾಕಿಸಿಕೊಳ್ಳುತ್ತಿದ್ದೆ. ಈಗ ಆ ಕಾಳು ಒಂದು ಬಟ್ಟಲು ಬೇಕೇ ಬೇಕು.

ಒಂದೂವರೆ ವರ್ಷಕ್ಕೆ ಟೇಪ್ 91ಕ್ಕೆ ಬಂದಿದೆ. ಕಳೆದ ತಿಂಗಳು ಮತ್ತೆ ಪಂಕ್ತಿಯಲ್ಲಿ ಕೂತಿದ್ದೆ, ಕೈ ಊರದೆ ಎದ್ದೆ. ಯಾರೂ ನೋಡಲಿಲ್ಲ.

ನಿಮ್ಮ ಮಂಡಿ ಈಗಲೇ ನೋಯುತ್ತಿದ್ದರೆ ಕುರ್ಚಿ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ನೋವಿಲ್ಲದೆ ಏಳಲು ಆಗುವ ಎತ್ತರ ಯಾವುದೋ ಅಲ್ಲಿಂದ ಶುರು ಮಾಡಿ.