ಪರದೆಯಲ್ಲಿ ಸ್ಪಷ್ಟ, ಮುದ್ರಣದಲ್ಲಿ ಮಸುಕು: ಫೋಟೋದ ಪಿಕ್ಸೆಲ್ ಉಳಿಸಿಕೊಳ್ಳುವ ಕ್ರಮ

ಗಿಡಗಳ ಫೋಟೋ ಪುಸ್ತಿಕೆಯನ್ನು ವರ್ಡ್‌ನಲ್ಲಿ ಸಿದ್ಧಪಡಿಸಿದ್ದು, ಪರದೆಯಲ್ಲಿ ಚೆನ್ನಾಗಿದ್ದ ಚಿತ್ರಗಳು ಹಾಳೆಯ ಮೇಲೆ ಮಸುಕಾಗಿ ಬಂದವು ಎಂದು ತಾವು ಕೇಳಿದ್ದೀರಿ. ಅಕ್ಷರಗಳು ಸ್ಫುಟವಾಗಿಯೇ ಬಂದಿವೆ ಎಂದೂ ಬರೆದಿರುವುದರಿಂದ ದೋಷ ಪ್ರಿಂಟರಿನದಲ್ಲ. ಫೋಟೋದ ಪಿಕ್ಸೆಲ್‌ಗಳು, ಅಂದರೆ ಚಿತ್ರವನ್ನು ರೂಪಿಸುವ ಬಣ್ಣದ ಚುಕ್ಕೆಗಳು, ಕ್ಯಾಮೆರಾದಿಂದ ಹಾಳೆಗೆ ಬರುವ ದಾರಿಯಲ್ಲಿ ನಷ್ಟವಾಗಿರಬೇಕು.

ಕೈಯಲ್ಲಿ ಹಿಡಿದು ನೋಡುವ ಪುಸ್ತಕದ ಫೋಟೋಗಳಿಗೆ ಅಂಗುಲಕ್ಕೆ 300 ಪಿಕ್ಸೆಲ್ ಇರಬೇಕೆಂಬುದು ಮುದ್ರಣದಲ್ಲಿ ನಡೆದುಬಂದ ಅಳತೆ. ಚಿತ್ರ 6 ಅಂಗುಲ ಅಗಲ ಬರಬೇಕಾದರೆ 1800 ಪಿಕ್ಸೆಲ್ ಬೇಕು. 900 ಪಿಕ್ಸೆಲ್ ಇರುವ ಚಿತ್ರವನ್ನು ಅಷ್ಟೇ ಅಗಲಕ್ಕೆ ಎಳೆದರೆ ಅಂಗುಲಕ್ಕೆ 150 ಮಾತ್ರ ಉಳಿದು, ಎಲೆಯ ನರಗಳಂತಹ ಸೂಕ್ಷ್ಮ ವಿವರಗಳು ಕಲಸಿಹೋಗುತ್ತವೆ. ಫೈಲಿನ ವಿವರದಲ್ಲಿ 72 ಡಿಪಿಐ (ಅಂಗುಲಕ್ಕೆ 72 ಚುಕ್ಕೆ) ಎಂದಿದ್ದರೆ ಗಾಬರಿಪಡಬೇಕಿಲ್ಲ, ಏಕೆಂದರೆ ಆ ಸಂಖ್ಯೆ ಒಂದು ಗುರುತು ಮಾತ್ರ. ಒಟ್ಟು ಪಿಕ್ಸೆಲ್ ಎಷ್ಟಿವೆ ಮತ್ತು ಎಷ್ಟು ಅಗಲಕ್ಕೆ ಮುದ್ರಿಸುತ್ತೀರಿ ಎಂಬುದೇ ನಿರ್ಣಾಯಕ. ಚಿತ್ರದ ಅಂಚನ್ನು ಕತ್ತರಿಸುವುದಿದ್ದರೆ ಕತ್ತರಿಸಿದ ಮೇಲೆ ಈ ಲೆಕ್ಕ ಮಾಡಿ.

ನನ್ನ ಅನುಭವದಲ್ಲಿ ಹೆಚ್ಚಿನವರು ಎಡವುವುದು ವರ್ಡ್‌ನ ಒಂದು ಸೆಟ್ಟಿಂಗ್‌ನಲ್ಲಿ. ಫೈಲ್ ಉಳಿಸುವಾಗ ಅದು ಚಿತ್ರಗಳನ್ನು ತಾನಾಗಿಯೇ ಕುಗ್ಗಿಸುತ್ತದೆ. ಹಲವು ಆವೃತ್ತಿಗಳಲ್ಲಿ ಈ ಮಿತಿ ಅಂಗುಲಕ್ಕೆ 220 ಪಿಕ್ಸೆಲ್. ಆದ್ದರಿಂದ ಚಿತ್ರ ಸೇರಿಸುವ ಮೊದಲೇ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಎಂಬಲ್ಲಿಗೆ ಹೋಗಿ, ಚಿತ್ರದ ಗಾತ್ರ ಮತ್ತು ಗುಣಮಟ್ಟದ ಭಾಗದಲ್ಲಿ 'ಡು ನಾಟ್ ಕಂಪ್ರೆಸ್ ಇಮೇಜಸ್ ಇನ್ ಫೈಲ್' ಎಂಬುದಕ್ಕೆ ಗುರುತು ಹಾಕಿ. ಒಮ್ಮೆ ಕುಗ್ಗಿ ಉಳಿದ ಚಿತ್ರ ಮತ್ತೆ ಮೊದಲಿನಂತಾಗುವುದಿಲ್ಲವಾದ್ದರಿಂದ, ಈಗಿರುವ ಫೋಟೋಗಳನ್ನು ಅಳಿಸಿ ಮೂಲ ಫೈಲ್‌ಗಳನ್ನೇ ಇನ್ಸರ್ಟ್ ಮೂಲಕ ಹೊಸದಾಗಿ ಸೇರಿಸಬೇಕಾಗುತ್ತದೆ. ಬ್ರೌಸರ್‌ನಿಂದ ಕಾಪಿ ಮಾಡಿ ಅಂಟಿಸಬೇಡಿ. ಗೆಳೆಯರಿಂದ ಫೋಟೋ ತರಿಸಿಕೊಳ್ಳುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ. ಫೋಟೋ ಆಗಿ ಕಳುಹಿಸಿದರೆ ಅಲ್ಲಿಯೂ ಕುಗ್ಗುತ್ತದೆ.

ಚಿತ್ರ ಉಳಿಸುವ ಫೈಲಿನ ಬಗೆಗಳಲ್ಲಿ ಫೋಟೋಗಳಿಗೆ ಉತ್ತಮ ಗುಣಮಟ್ಟದ ಜೆಪೆಗ್ ಸಾಕು, ಆದರೆ ತಿದ್ದಿ ತಿದ್ದಿ ಮತ್ತೆ ಜೆಪೆಗ್ ಆಗಿಯೇ ಉಳಿಸುತ್ತ ಹೋದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕೆಡುತ್ತದೆ. ಸ್ಕ್ರೀನ್‌ಶಾಟ್‌ಗಳಿಗೆ ಪಿಎನ್‌ಜಿ, ರೇಖಾಚಿತ್ರಗಳಿಗೆ ಸಾಧ್ಯವಿದ್ದರೆ ಎಸ್‌ವಿಜಿ ಒಳ್ಳೆಯದು.

ಪಿಡಿಎಫ್ ಮಾಡುವಾಗ ಕನಿಷ್ಠ ಗಾತ್ರದ ಆಯ್ಕೆಯನ್ನು ಬಿಟ್ಟು 'ಸ್ಟ್ಯಾಂಡರ್ಡ್' ಆರಿಸಿ, ಚಿತ್ರವನ್ನು 400 ಪ್ರತಿಶತಕ್ಕೆ ಹಿಗ್ಗಿಸಿ ಪರೀಕ್ಷಿಸಿ. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಹಾಗಾಗಿ ದಟ್ಟ ಹಸಿರಿನ ಚಿತ್ರಗಳನ್ನು ತುಸು ತಿಳಿಯಾಗಿಸಿ, ಅತಿ ಕಪ್ಪಾಗಿರುವ ಫೋಟೋ ಇರುವ ಒಂದು ಪುಟವನ್ನು ಪುಸ್ತಿಕೆಗೆ ಬಳಸುವ ಕಾಗದದ ಮೇಲೆಯೇ ಮೊದಲು ಮುದ್ರಿಸಿ ನೋಡಿ.