ವಿಷದ ಲೋಹವನ್ನು ರಕ್ತನಾಳಕ್ಕೆ ಯಾಕೆ ಕೊಡುತ್ತಾರೆ?

ಪ್ರಶ್ನೆ: ಸರ್, ಅಮ್ಮನಿಗೆ ಮಿದುಳಿನ ಎಂಆರ್‌ಐ ಮಾಡಿಸಬೇಕು. ‘ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಕಾಣಲು ಕೊಡುವ ಇಂಜೆಕ್ಷನ್) ಕೊಡಬೇಕಾಗುತ್ತೆ, ಮೊದಲು ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ರಿಪೋರ್ಟ್ ತನ್ನಿ’ ಅಂದರು. ಮನೆಗೆ ಬಂದು ಹುಡುಕಿದರೆ ಆ ಕಾಂಟ್ರಾಸ್ಟ್‌ನಲ್ಲಿ ಗ್ಯಾಡೊಲಿನಿಯಮ್ ಅನ್ನೋ ವಿಷದ ಲೋಹ ಇದೆಯಂತೆ. ಗೊತ್ತಿದ್ದೂ ಯಾಕೆ ಕೊಡುತ್ತಾರೆ?
– ತುಮಕೂರಿನ ಓದುಗರೊಬ್ಬರು

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಬರೀ ಗ್ಯಾಡೊಲಿನಿಯಮ್ ಅಯಾನು (ಚಾರ್ಜ್ ಇರುವ ಪರಮಾಣು) ವಿಷವೇ. ಗಾತ್ರದಲ್ಲಿ ಅದು ಹೆಚ್ಚುಕಡಿಮೆ ಕ್ಯಾಲ್ಸಿಯಂ ಅಯಾನಿನಷ್ಟೇ ಇದೆ, ಹಾಗಾಗಿ ನರ, ಸ್ನಾಯುಗಳಲ್ಲಿ ಕ್ಯಾಲ್ಸಿಯಂ ಓಡಾಡುವ ದಾರಿಗೆ ಅಡ್ಡ ಬರುತ್ತದೆ. ಆದರೆ ಸಿರಿಂಜಿನಲ್ಲಿರುವುದು ಬರೀ ಅಯಾನಲ್ಲ. ಒಂದು ಸಾವಯವ ಅಣು ಅದನ್ನು ಸುತ್ತಲೂ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಹಿಡಿತ ಬಿಡದಿದ್ದರೆ ಕಿಡ್ನಿ ಇಡೀ ಕಟ್ಟನ್ನೇ ಸೋಸಿ ಹೊರಗೆ ಹಾಕುತ್ತದೆ. ಕಿಡ್ನಿ ಚೆನ್ನಾಗಿದ್ದವರಲ್ಲಿ 24 ಗಂಟೆಯೊಳಗೆ 90%ಗಿಂತ ಜಾಸ್ತಿ ಮೂತ್ರದಲ್ಲಿ ಹೋಗಿರುತ್ತದೆ. 60 ಕೆ.ಜಿ. ತೂಕದವರಿಗೆ ಮಾಮೂಲಿ ಡೋಸ್ ಅಂದರೆ ಸುಮಾರು ಒಂದು ಗ್ರಾಂ ಲೋಹ, ಕಡಿಮೆ ಏನಲ್ಲ ಅಲ್ವಾ?

ಇದೇ ಲೋಹ ಯಾಕೆ ಬೇಕು? ಎಂಆರ್‌ಐ ನೋಡುವುದು ಮುಖ್ಯವಾಗಿ ದೇಹದ ನೀರನ್ನು. ನೀರಿನ ಹೈಡ್ರೋಜನ್ ನ್ಯೂಕ್ಲಿಯಸ್‌ಗಳನ್ನು ರೇಡಿಯೋ ಅಲೆಯಿಂದ ಕದಲಿಸಿ, ಅವು ಮತ್ತೆ ಮೊದಲಿನ ಸ್ಥಿತಿಗೆ ಎಷ್ಟು ಬೇಗ ಮರಳುತ್ತವೆ ಅಂತ ಅಳೆಯುತ್ತದೆ. ಗ್ಯಾಡೊಲಿನಿಯಮ್ ಅಯಾನಿನಲ್ಲಿ ಜೋಡಿ ಇಲ್ಲದ ಎಲೆಕ್ಟ್ರಾನ್‌ಗಳು 7 ಇವೆ. ಅದರ ಪಕ್ಕಕ್ಕೆ ಬಂದು ಹೋದ ನೀರು ಬಹಳ ಬೇಗ ಮರಳುತ್ತದೆ, ಆ ಜಾಗ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಗೆಡ್ಡೆ ಇರುವ ಕಡೆ ಮಿದುಳಿನ ರಕ್ತನಾಳಗಳ ತಡೆ ಹಾಳಾಗಿ ಔಷಧ ಸೋರುವುದರಿಂದ ಗೆಡ್ಡೆಯೇ ಹೊಳೆಯುತ್ತದೆ.

ಇಲ್ಲೇ ಇರುವುದು ತಲೆನೋವು. ನೀರು ಲೋಹವನ್ನು ಮುಟ್ಟಲೇಬೇಕು, ದೇಹ ಮಾತ್ರ ಮುಟ್ಟಬಾರದು! ಈ ಅಯಾನಿಗೆ ಸುತ್ತ 9 ಜಾಗ ಇವೆ ಅಂತಿಟ್ಟುಕೊಳ್ಳಿ. ಒಂಬತ್ತನ್ನೂ ಮುಚ್ಚಿದರೆ ಬಲು ಭದ್ರ, ಆದರೆ ಹೊಳಪು ಹೆಚ್ಚುಕಡಿಮೆ ಹೋಯಿತು. ಅದಕ್ಕೇ ಎಂಟನ್ನು ಹಿಡಿದು ಒಂದನ್ನು ನೀರಿಗೆ ಬಿಡುತ್ತಾರೆ. ಅದು ಬೀದಿ ನಲ್ಲಿಯ ಮುಂದಿನ ಸರದಿಯ ಹಾಗೆ, ಬಂದವರು ಕೊಡ ತುಂಬಿಸಿಕೊಂಡು ಬೇಗ ಜಾಗ ಬಿಡಬೇಕು. 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧದಲ್ಲಿ ಲೋಹವನ್ನು ಹಿಡಿದಿದ್ದುದು ಡಿಟಿಪಿಎ ಎಂಬ ಅಣು. ಅದರಲ್ಲಿ ಈ ಅದಲುಬದಲು ಸೆಕೆಂಡಿಗೆ 30 ಲಕ್ಷಕ್ಕೂ ಹೆಚ್ಚು ಸಲ ನಡೆಯುತ್ತದೆ.

ಡಿಟಿಪಿಎ ಉದ್ದನೆಯ ಅಣು, ಎರಡು ತುದಿ ಬಿಡಿಯಾಗಿರುತ್ತವೆ. ಡೋಟಾ ಎಂಬ ಇನ್ನೊಂದು ಅಣುವಿನ ಥರದವು ಉಂಗುರದ ಆಕಾರದವು, ಲೋಹ ಅದರೊಳಗೆ ಕೂತರೆ ಸುಲಭವಾಗಿ ಕದಲಲ್ಲ. ಕಿಡ್ನಿ ಕೈಕೊಟ್ಟವರ ದೇಹದಲ್ಲಿ ಔಷಧ ದಿನಗಟ್ಟಲೆ ಉಳಿದು, ಉದ್ದನೆಯ ಅಣುಗಳು ಮೆಲ್ಲಗೆ ಸಡಿಲವಾಗುತ್ತವೆ, ನಮ್ಮದೇ ದೇಹದ ಸತು (ಜಿಂಕ್) ಗ್ಯಾಡೊಲಿನಿಯಮ್ ಇದ್ದ ಜಾಗಕ್ಕೆ ಬರುತ್ತದೆ. ಚರ್ಮ, ಕೀಲು ಗಟ್ಟಿಯಾಗುವ ಎನ್‌ಎಸ್‌ಎಫ್ ಎಂಬ ಕಾಯಿಲೆಗೂ ಇದಕ್ಕೂ ನಂಟಿದೆ ಅಂತ 2006ರಲ್ಲಿ ಆಸ್ಟ್ರಿಯಾದಿಂದ ಮೊದಲ ವರದಿ ಬಂತು. ಕ್ರಿಯಾಟಿನಿನ್ ಕೇಳುವುದು ಅದಕ್ಕೇ, ಸುಮ್ನೆ ಓಡಾಡಿಸೋಕಲ್ಲ. 2014ರಲ್ಲಿ ಜಪಾನಿನ ವೈದ್ಯರು, ಹಲವು ಸಲ ಕಾಂಟ್ರಾಸ್ಟ್ ಪಡೆದವರ ಮಿದುಳಿನಲ್ಲಿ ಆಮೇಲೂ ಬಿಳಿ ಗುರುತು ಉಳಿದದ್ದನ್ನು ತೋರಿಸಿದರು. ಅದರಿಂದ ಹಾನಿ ಆಗುತ್ತದೆ ಅಂತ ಸಾಬೀತಾಗಿಲ್ಲ. ಆದರೂ ಯುರೋಪ್ 2017ರಲ್ಲಿ ಉದ್ದನೆಯ ಅಣುಗಳ ಬಳಕೆಯನ್ನು ಬಹುಪಾಲು ನಿಲ್ಲಿಸಿ, ಲಿವರ್ ಸ್ಕ್ಯಾನಿನಂಥ ಕೆಲವಕ್ಕೆ ಮಾತ್ರ ಬಿಟ್ಟಿತು. ಸರಿಯಾಗೇ ಮಾಡಿತು ಅನ್ನೋದು ನನ್ನ ಅಭಿಪ್ರಾಯ.

ಅಮ್ಮನ ಕಿಡ್ನಿ ರಿಪೋರ್ಟ್ ಚೆನ್ನಾಗಿದ್ದರೆ ಇದಕ್ಕೆ ಹೆದರಿ ಸ್ಕ್ಯಾನ್ ಬಿಡಬೇಡಿ. ‘ಮ್ಯಾಕ್ರೋಸೈಕ್ಲಿಕ್ ಕೊಡ್ತೀರಾ?’ ಅಂತ ಕೇಳಿ, ಅಂದರೆ ಉಂಗುರದ ಅಣುವಿನದು. ಗ್ಯಾಡೊಟೆರೇಟ್, ಗ್ಯಾಡೊಬ್ಯೂಟ್ರಾಲ್ ಆ ಗುಂಪಿನವು. ಹಿಂದೆ ಕಾಂಟ್ರಾಸ್ಟ್‌ನಿಂದ ಅಲರ್ಜಿ ಆಗಿದ್ದರೆ ಅದನ್ನೂ ಮೊದಲೇ ಹೇಳಿಬಿಡಿ.

ಪ್ರಶ್ನೆ: ಕಬ್ಬಿಣ, ಮ್ಯಾಂಗನೀಸ್ ದೇಹದಲ್ಲೇ ಇವೆಯಲ್ಲ? ಗ್ಯಾಡೊಲಿನಿಯಮ್ ಬದಲು ಅವನ್ನೇ ಬಳಸಬಾರದಾ?
– ಧಾರವಾಡದ ಎಂ.ಎಸ್‌ಸಿ. ವಿದ್ಯಾರ್ಥಿನಿ

ಉತ್ತರ: ಬಳಸಿದ್ದಾರಮ್ಮ. ಮ್ಯಾಂಗನೀಸ್‌ನಲ್ಲಿ ಜೋಡಿ ಇಲ್ಲದ ಎಲೆಕ್ಟ್ರಾನ್ 5 ಇವೆ, ಪರವಾಗಿಲ್ಲ ಅನ್ನಬಹುದು. ಲಿವರ್ ನೋಡಲು ಅದರದೊಂದು ಔಷಧಕ್ಕೆ 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತ್ತು, ಈಗ ಮಾರುಕಟ್ಟೆಯಲ್ಲಿಲ್ಲ. ತೊಂದರೆ ಏನೆಂದರೆ ಅದರ ಚಾರ್ಜ್ ಎರಡೇ, ಗ್ಯಾಡೊಲಿನಿಯಮ್‌ನದು ಮೂರು, ಹಾಗಾಗಿ ಹಿಡಿತ ಬೇಗ ಸಡಿಲವಾಗುತ್ತದೆ. ದೇಹದಲ್ಲಿ ಇದೆ ಅಂದ ಮಾತ್ರಕ್ಕೆ ಜಾಸ್ತಿಯಾದರೂ ನಡೆಯುತ್ತದೆ ಅಂತಲ್ಲ, ಮ್ಯಾಂಗನೀಸ್ ಧೂಳು ಕುಡಿದ ಗಣಿ ಕೆಲಸಗಾರರಲ್ಲಿ ಪಾರ್ಕಿನ್ಸನ್‌ನಂಥ ನಡುಕ ಕಂಡಿದೆ. ಕಬ್ಬಿಣದ ಆಕ್ಸೈಡ್ ಕಣಗಳು ಹೆಚ್ಚಾಗಿ ಚಿತ್ರವನ್ನು ಕಪ್ಪು ಮಾಡುತ್ತವೆ. ಹಳೆಯ ರಕ್ತಸ್ರಾವವೂ ಕಪ್ಪಗೇ ಕಾಣುವುದರಿಂದ ರೇಡಿಯಾಲಜಿಸ್ಟ್‌ಗಳಿಗೆ ಬಿಳಿಯೇ ಇಷ್ಟ.

ನಿಮಗೆ ಈ ಕೆಲಸದಲ್ಲಿ ಆಸಕ್ತಿ ಇದ್ದರೆ ಗ್ಯಾಡೊಪಿಕ್ಲೆನಾಲ್ ಎಂಬ ಗ್ಯಾಡೊಲಿನಿಯಮ್ ಔಷಧದ ರಚನೆಯನ್ನು ಬರೆದು ನೋಡಿ. ಉಂಗುರದ ಅಣುವೇ, ಆದರೆ ನೀರಿಗೆ ಒಂದರ ಬದಲು ಎರಡು ಜಾಗ ಬಿಟ್ಟಿದ್ದಾರೆ. ಮೊದಲೆಲ್ಲ ಹೀಗೆ ಮಾಡಿದರೆ ಹಿಡಿತ ಹೋಗುತ್ತಿತ್ತು. ಇದರಲ್ಲಿ ಹೊಳಪು ಸುಮಾರು ಎರಡು ಪಟ್ಟು, ಆದ್ದರಿಂದ ಕೆ.ಜಿ.ಗೆ 0.1 ಮಿಲಿಮೋಲ್ ಬದಲು 0.05 ಸಾಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಒಪ್ಪಿತು.

ಪ್ರಶ್ನೆ: ಸಿಟಿ ಸ್ಕ್ಯಾನಿಗೆ ಕೊಡುವುದೂ ಇದೇನಾ? – ಹಾಸನದಿಂದ

ಉತ್ತರ: ಅಲ್ಲ. ಅಲ್ಲಿ ಕೊಡುವುದು ಅಯೋಡಿನ್. ಅದು ಎಕ್ಸ್‌ರೇಯನ್ನು ತಾನೇ ತಡೆಯುತ್ತದೆ, ನೀರಿನ ಜೊತೆ ಅದಕ್ಕೆ ಕೆಲಸ ಇಲ್ಲ.